ಸಾಲಿನ ತುದಿಯವಳು

ನನಗೊಂದು ಕೆಟ್ಟ ಚಟವಿದೆ. ಎಲೆ ಅಡಿಕೆಯದಲ್ಲ, ಸನ್ಮಾನದ್ದು. ಮಾಡುವುದು, ಮಾಡಿಸುವುದು, ಸಿಕ್ಕರೆ ಮಾಡಿಸಿಕೊಳ್ಳುವುದು. ರಾಯಚೂರಿನ ಕಾಲೇಜಿನಲ್ಲಿ ಎಂ.ಎ. ಹುಡುಗರಿಗೆ ಕನ್ನಡ ಹೇಳುತ್ತಾ ಹನ್ನೆರಡು ವರ್ಷದಿಂದ ಸಾಂಸ್ಕೃತಿಕ ಸಮಿತಿಯ ಸಂಚಾಲಕನಾಗಿದ್ದೇನೆ. ಶಾಲು, ಹಾರ, ಹಣ್ಣಿನ ಬುಟ್ಟಿ ಮೂರೂ ಇಲ್ಲದ ಕಾರ್ಯಕ್ರಮವನ್ನು ನಾನು ಕಾರ್ಯಕ್ರಮವೆಂದು ಒಪ್ಪಿದ್ದೇ ಇಲ್ಲ. ಗಡಿಗೆಪ್ಪ ಮಾಸ್ತರು ಮೈಕ್ ಹಿಡಿದರೆ ಬಿಡುವುದಿಲ್ಲ ಎಂದು ಹುಡುಗರು ಬೆನ್ನ ಹಿಂದೆ ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಬೀಳಲಿ.

ಈ ಸಲ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಎರಡು ದಿನದ ಕಲಾ ಉತ್ಸವ ನಮ್ಮ ಕಾಲೇಜಿಗೆ ಬಂತು. ಶ್ರಾವಣ ಮಾಸ, ಕಾಲುವೆಗೆ ನೀರು ಬಿಟ್ಟಿದ್ದರು. ಮಾನ್ವಿ, ದೇವದುರ್ಗದ ಕಡೆಯ ಅರ್ಧ ಮಂದಿ ಗದ್ದೆಯಲ್ಲಿರುವ ಹೊತ್ತಿಗೆ ಉತ್ಸವ ಇಟ್ಟವರಿಗೆ ಬುದ್ಧಿ ಇರಲಿಲ್ಲ. ಇಟ್ಟವನು ನಾನೇ.

ಉತ್ಸವಕ್ಕೆ ಹುಬ್ಬಳ್ಳಿಯಿಂದ ನಾಗರತ್ನಾ ಮೇಡಂ ಬಂದಿದ್ದರು. ಹಳ್ಳಿ ಹಳ್ಳಿಗೆ ನಾಟಕ, ಸಂಗೀತ ಒಯ್ಯುವ ಸಂಸ್ಥೆ ಅವರದು. ಕಲೆ ಓದಿದವರಿಗೆ ಎಲ್ಲೆಲ್ಲಿ ಕೆಲಸವಿದೆ ಎಂದು ಬೆಳಿಗ್ಗೆ ಹುಡುಗರಿಗೆ ಒಂದು ತಾಸು ಬಿಡಿಸಿ ಹೇಳಿದರು: ರೇಡಿಯೊ, ಬೆಳಕಿನ ವಿನ್ಯಾಸ, ಪುಸ್ತಕದ ಕೆಲಸ, ವಸ್ತುಸಂಗ್ರಹಾಲಯ. ಕೊನೆಗೆ, "ನನಗೆ ಒಬ್ಬರು ಬೇಕಾಗ್ಯಾರ. ಕೆಲಸ ಕಾಯಂ, ತಿಂಗಳ ಪಗಾರ ಅದ. ಹಾಡೋರು ನನ್ನ ಹತ್ರ ಬೇಕಾದಷ್ಟು ಮಂದಿ ಇದ್ದಾರ, ಹಾಡೋರಿಗೆ ಜಾಗ ಮಾಡಿಕೊಡೋರು ಇಲ್ಲ. ಇಲ್ಲಿ ಸ್ವಯಂಸೇವಕರಾಗಿ ದುಡಿಯೋರೊಳಗಿಂದನ ಒಬ್ಬರನ್ನ ಒಯ್ತೀನಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಸರ್, ನಿಮ್ಮ ಹುಡುಗರು ನಿಮಗ ಗೊತ್ತು. ನಾಳೆ ಸಂಜಿಗೆ ಒಂದು ಹೆಸರು ಬರದು ಕೊಡ್ರಿ" ಎಂದರು.

ಅರ್ಜಿ ಹಾಕಿದವರು ಒಂಬತ್ತು ಮಂದಿ. ನಾನು ಹೆಚ್ಚು ಯೋಚಿಸಲಿಲ್ಲ. ಕಾವ್ಯಾ ಎಂದು ಬರೆದು ಲಕೋಟೆ ಅಂಟಿಸಿ ಜೇಬಿಗಿಟ್ಟೆ. ರಾಯಚೂರು ಪೇಟೆಯ ಹುಡುಗಿ, ಮೈಕ್ ಮುಂದೆ ನಿಂತರೆ ಮಾತು ಅರಳು ಹುರಿದಂತೆ. ನನ್ನ ಹಾಗೆಯೇ ಎಂದರೂ ತಪ್ಪಿಲ್ಲ.

ಅರ್ಜಿ ಹಾಕಿದ್ದವರಲ್ಲಿ ಸವಿತಾ ಕೂಡ ಒಬ್ಬಳು. ದೇವದುರ್ಗದ ಆಚೆಯ ಹಳ್ಳಿಯವಳು, ಅವ್ವ ಆದೆಮ್ಮ ಕೂಲಿ ಮಾಡಿ ಓದಿಸಿದ ಹುಡುಗಿ, ಎಂ.ಎ. ಕೊನೆಯ ಪರೀಕ್ಷೆ ಆಗಷ್ಟೇ ಬರೆದಿದ್ದಳು. ಮಾತು ಕಡಿಮೆ. ಹಾಗಾಗಿ ಅವಳನ್ನು ಶಾಲು, ಹಾರ, ಬುಟ್ಟಿ ಕಾಯುವ ಕೆಲಸಕ್ಕೆ ಹಾಕಿದ್ದೆ.

ಮೊದಲ ದಿನ ಮಧ್ಯಾಹ್ನ ಊಟದ ಪಂಕ್ತಿ ಕೆಟ್ಟಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಒಬ್ಬ ಅನ್ನ ಹಿಡಿದು ಮುಂದೆ ಓಡುತ್ತಿದ್ದ, ಸಾರಿನವನು ಇನ್ನೂ ಒಲೆಯ ಹತ್ತಿರ. ಸವಿತಾ ಶಾಲಿನ ಗಂಟು ಬಿಟ್ಟು ಬಂದು ಬಡಿಸುವವರನ್ನು ಸಾಲಾಗಿ ನಿಲ್ಲಿಸಿದಳು, ಯಾರಿಗೋ ಬೈದಳು, ಯಾರನ್ನೋ ಎಳೆದು ಬೇರೆ ಜಾಗಕ್ಕೆ ಹಾಕಿದಳು. ಹತ್ತು ನಿಮಿಷದಲ್ಲಿ ಮುನ್ನೂರು ಎಲೆಗೆ ಅನ್ನ ಬಿತ್ತು. ಅಡುಗೆಯ ಪೀರಾ ಸಾಬ್ ಸೌಟು ಕೆಳಗಿಟ್ಟು, "ವ್ಹಾ ಬೇಟಿ" ಎಂದ.

"ಏನು ಮಾಡಿದಿ?" ಎಂದು ಕೇಳಿದೆ.

"ಗದ್ದಿಯಾಗ ನೆಲ್ಲಿನ ಸಸಿ ಹಚ್ಚುವಾಗ ಹೆಂಗ ನಿಲ್ತೀವೋ ಹಂಗ ನಿಲ್ಲಿಸಿದೆರಿ ಸರ. ಕೈ ಚುರುಕು ಇದ್ದೋರು ಎರಡೂ ತುದಿಗೆ. ಮೆಲ್ಲಗ ಹಚ್ಚೋರು ನಡುವ. ತುದಿಯೋರು ಎಳದ್ರ ನಡುವಿನೋರು ತಾವಾಗೇ ಬರ್ತಾರ. ಯಾರೂ ಹಿಂದ ಬೀಳಂಗಿಲ್ಲ."

"ಊರಾಗ ನೀ ಎಲ್ಲಿ ನಿಲ್ತಿ?"

"ಎಡಗಡಿ ತುದಿಗೆರಿ" ಎಂದು ನಕ್ಕು ಶಾಲಿನ ಗಂಟಿನ ಕಡೆಗೆ ಹೋದಳು. ಭಲೇ ಎಂದುಕೊಂಡೆ. ಲಕೋಟೆಯನ್ನು ಮಾತ್ರ ಮುಟ್ಟಲಿಲ್ಲ.

ಎರಡನೇ ದಿನ ಸಮಾರೋಪ. ಕೊನೆಯ ಹಾಡು ಸವಿತಾಳ ಊರಿನ ಹೆಣ್ಣುಮಕ್ಕಳದು. ನೆಲ್ಲು ಹಚ್ಚುವ ಏಳು ಮಂದಿಯ ಗುಂಪು, ತಿಮ್ಮವ್ವ ಅದರ ಯಜಮಾನಿ, ಅವಳ ಜೋಡಿ ದನಿಗೂಡಿಸುವವಳು ನೂರ್ ಬೀ. ಇವರು ಹೋದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೂ ಬಂದಿದ್ದರು. ಹಾಡಿರಲಿಲ್ಲ. ಅವರ ಊರ ತನಕ ಹೋಗುವ ಬಸ್ಸು ಆರೂಕಾಲಿಗೆ ಒಂದೇ. ನಮ್ಮ ಸನ್ಮಾನ ಮುಗಿದದ್ದು ಏಳಕ್ಕೆ. ಅವರು ಕೈಗೊಂದು ಬಾಳೆಹಣ್ಣು ಹಿಡಿದು ಎದ್ದು ಹೋಗಿದ್ದರು. ಈ ವರ್ಷ ತಿಮ್ಮವ್ವ ಬರುವುದೇ ಇಲ್ಲ ಎಂದಿದ್ದಳಂತೆ. ಸವಿತಾ ಮಾತು ಕೊಟ್ಟು ಕರೆತಂದಿದ್ದಳು. ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು.

ಮೂರು ಗಂಟೆಗೆ ಸವಿತಾ ಸನ್ಮಾನದ ಪಟ್ಟಿ ಹಿಡಿದು ನನ್ನೆದುರು ನಿಂತಳು. ಪಟ್ಟಿಯಲ್ಲಿ ಇಪ್ಪತ್ತೆರಡು ಹೆಸರುಗಳಿದ್ದವು.

"ಸರ, ಒಬ್ಬೊಬ್ಬರಿಗೆ ಮೂರು ನಿಮಿಷ ಅಂದ್ರೂ ಒಂದು ತಾಸು ಮ್ಯಾಲಾಗ್ತದ್ರಿ. ಎಲ್ಲಾರಿಗೂ ಒಮ್ಮಿಗೇ ಮಾಡೋಣ್ರಿ."

ನನಗೆ ಮೈಯೆಲ್ಲ ಉರಿಯಿತು. ಸನ್ಮಾನ ಎಂದರೆ ಹೆಸರು ಕೂಗಬೇಕು, ಅವರು ಬೇಡ ಬೇಡ ಎನ್ನುತ್ತಾ ಏಳಬೇಕು, ಅತಿಥಿಗಳ ಕೈಯಿಂದಲೇ ಶಾಲು ಬೀಳಬೇಕು, ಫೋಟೊಕ್ಕೆ ಎರಡು ಸಲ ತಿರುಗಬೇಕು. ಅದೂ ಎರಡು ದಿನದ ಊಟದ ಅಕ್ಕಿ ಕಳಿಸಿದ ಮಾನ್ವಿಯ ಅಕ್ಕಿ ಗಿರಣಿಯ ಪಂಪಾಪತಿಯವರ ಹೆಸರು ಪಟ್ಟಿಯ ತಲೆಯಲ್ಲಿತ್ತು. ಅವರು ಮೂರು ಹಾಳೆಯ ಭಾಷಣ ಬರೆಸಿಕೊಂಡು ಬಂದಿದ್ದರು.

"ಪಂಪಾಪತಿಯವರನ್ನ ಮಂದಿ ಜೋಡಿ ಸಾಲಿನಾಗ ನಿಲ್ಲಿಸಿದ್ರ ಮುಂದಿನ ವರ್ಷ ಅಕ್ಕಿ ನೀ ಕಳಿಸ್ತೀಯೇನು?" ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ನೌಕರಿಗೆ ಅರ್ಜಿ ಹಾಕೀದಿ. ಹೆಸರು ಬರೆಯೋನು ನಾನು. ನೆನಪಿರಲಿ."

ಅವಳ ಮುಖ ಸಣ್ಣದಾಯಿತು. "ಹೌದ್ರಿ ಸರ" ಎಂದು ಹೊರಟುಹೋದಳು. ಆ ಮಾತು ಆಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಕಾರ್ಯಕ್ರಮ ನಾಲ್ಕಕ್ಕೆ ಶುರುವಾಗಬೇಕಿತ್ತು, ಐದು ಬಡಿಯಿತು. ಸ್ವಾಗತ ಮುಗಿಸಿ ನಾನು ಸನ್ಮಾನಕ್ಕೆ ಬರುವಾಗ ಐದು ಇಪ್ಪತ್ತೈದು. ತಿಮ್ಮವ್ವ ಮತ್ತು ಅವಳ ಮಂದಿ ವೇದಿಕೆಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಚೀಲಗಳು ಆಗಲೇ ತೊಡೆಯ ಮೇಲಿದ್ದವು.

ನಾನು ಗಂಟಲು ಸರಿಮಾಡಿಕೊಂಡು, "ಮೊಟ್ಟಮೊದಲನೆಯದಾಗಿ" ಎಂದು ಶಾಲಿಗಾಗಿ ಕೈ ಚಾಚಿದೆ. ಶಾಲು ಬರಲಿಲ್ಲ. ಒಳಗಿನಿಂದ ಹುಡುಗ ಹುಡುಗಿಯರ ಒಂದು ಸಾಲು ಬಂತು. ಎಲ್ಲರ ಕೈಯಲ್ಲೂ ತಟ್ಟೆ, ತಟ್ಟೆಯಲ್ಲಿ ಶಾಲು, ಹಾರ, ಬುಟ್ಟಿ. ಎಣಿಸಬೇಕಾಗಿರಲಿಲ್ಲ, ಇಪ್ಪತ್ತೆರಡು ಎಂದು ಎದೆಯೇ ಹೇಳಿತು. ನನ್ನ ಕೈಯಿಂದ ಮೈಕನ್ನು ಮೆಲ್ಲಗೆ ತೆಗೆದುಕೊಂಡವಳು ಕಾವ್ಯಾ, ನನ್ನ ಲಕೋಟೆಯ ಕಾವ್ಯಾ! ಅವಳು ಇಪ್ಪತ್ತೆರಡು ಹೆಸರನ್ನೂ, ಊರು ಸಮೇತ, ಒಂದೇ ಓಟದಲ್ಲಿ ಓದಿದಳು. ನಾನಾಗಿದ್ದರೆ ಪಂಪಾಪತಿಯವರ ಹೆಸರಿನ ಹಿಂದಿನ ವಿಶೇಷಣಕ್ಕೇ ಅಷ್ಟು ಹೊತ್ತು ಬೇಕಿತ್ತು.

ಸವಿತಾ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಕೈ ಮುಗಿದು ಎಬ್ಬಿಸಿ ಜಾಗ ತೋರಿಸುತ್ತಿದ್ದಳು. "ಯಪ್ಪಾ, ಇತ್ತ ಬರ್ರಿ. ಯವ್ವಾ, ನೀವು ಇಲ್ಲಿ ನಿಂದರ್ರಿ." ಅವಳು ಕೇಳಿದ ರೀತಿಗೆ ಯಾರಿಗೂ ಇಲ್ಲವೆನ್ನಲು ಬಾಯಿ ಬರಲಿಲ್ಲ. ನಾನು ಅವಳ ಹತ್ತಿರ ಹೋಗಿ ಹಲ್ಲು ಕಚ್ಚಿ, "ಏನಿದು?" ಎಂದೆ.

"ಸರ, ಇಪ್ಪತ್ತೆರಡನೇದು ನಿಮ್ಮ ಹೆಸರ ಅಲ್ಲೇನ್ರಿ" ಎಂದಳು ಮೆತ್ತಗೆ. "ಬರ್ರಿ, ನೀವೂ ನಿಂದರ್ರಿ."

ಸಭೆ ನೋಡುತ್ತಿತ್ತು. ಪಟ್ಟಿಯ ಕೊನೆಗೆ ನನ್ನ ಹೆಸರನ್ನು ನಾನೇ ಸೇರಿಸಿದ್ದೆ ಎಂಬುದು ನಮ್ಮಿಬ್ಬರಿಗೇ ಗೊತ್ತಿತ್ತು. ಅವಳು ತೋರಿಸಿದ ಕಡೆ ಹೋಗಿ ನಿಂತೆ. ಪಕ್ಕದಲ್ಲಿ ಪಂಪಾಪತಿಯವರು ಕೆಂಪಾಗಿ ನಿಂತಿದ್ದರು. ಸವಿತಾಳ ನೌಕರಿ ಹೋಯಿತು ಎಂದುಕೊಂಡೆ. ಅಷ್ಟೇ ಅಲ್ಲ, ಹೋಗಲಿ ಎಂದೂ ಅಂದುಕೊಂಡೆ.

ಸವಿತಾ ಸಾಲಿನ ಎಡತುದಿಗೆ ಹೋಗಿ ನಿಂತು ತಿಮ್ಮವ್ವನ ಕಡೆ ತಲೆಯಾಡಿಸಿದಳು. ತಿಮ್ಮವ್ವ ಕೂತಲ್ಲಿಂದಲೇ ದನಿ ತೆಗೆದಳು.

"ಕಾಲುವಿ ನೀರು ಬಂತ, ಕೆಸರಿಗೆ ಉಸಿರು ಬಂತ."

ಏಳೂ ಮಂದಿ ಆ ಸಾಲನ್ನು ಎತ್ತಿಕೊಂಡರು. ಅದು ಮುಗಿಯುವುದಕ್ಕೂ ಇಪ್ಪತ್ತೆರಡು ಹೆಗಲ ಮೇಲೆ ಇಪ್ಪತ್ತೆರಡು ಶಾಲು ಬೀಳುವುದಕ್ಕೂ ಸರಿಹೋಯಿತು.

"ಬಾರವ್ವ ಸಸಿಯವ್ವ ಸಾಲಿಗೆ."

ಇಪ್ಪತ್ತೆರಡು ಕೊರಳಿಗೆ ಹಾರ ಬಿತ್ತು.

"ಇವತ್ತ ನೀ ಗೇಣುದ್ದ, ನಾಳಿಗೆ ಎದಿಯುದ್ದ."

ಬುಟ್ಟಿಗಳು ಕೈಗೆ ಬಂದವು. ನನ್ನ ಹಿಂದಿನ ಹುಡುಗ ತಡವರಿಸುವಷ್ಟರಲ್ಲಿ ಅಕ್ಕಪಕ್ಕದವರು ಅವನನ್ನೂ ಎಳೆದುಕೊಂಡರು.

"ಬಾಗಬೇಕ ತೆನಿ ಹೊತ್ತ ಭೂಮಿಗೆ."

ಹುಡುಗರೆಲ್ಲ ಬಾಗಿ ನಮಗೆ ನಮಸ್ಕಾರ ಮಾಡಿದರು. ಬುಟ್ಟಿ ಹೊತ್ತ ನಾವೂ, ಯಾರೂ ಹೇಳದೆಯೇ, ಸಭೆಗೆ ಬಾಗಿದೆವು. ಎಲ್ಲ ಸೇರಿ ನಾಲ್ಕು ನಿಮಿಷ. ಕಾಲೇಜಿನಲ್ಲಿ ಅಂಥ ಚಪ್ಪಾಳೆಯನ್ನು ನಾನು ಕೇಳಿರಲಿಲ್ಲ, ಕೇಳಿಸಿಯೂ ಇರಲಿಲ್ಲ.

ಪಂಪಾಪತಿಯವರು ಏನನ್ನುತ್ತಾರೋ ಎಂದು ಕಣ್ಣಂಚಿನಲ್ಲಿ ನೋಡಿದೆ. ಅವರ ತುಟಿ ಇನ್ನೂ ಆ ಹಾಡನ್ನೇ ಗುನುಗುತ್ತಿತ್ತು. "ಮಾಸ್ತರ, ನಮ್ಮೂರು ಕುರ್ಡಿಯಾಗ, ನಮ್ಮ ಹೊಲದಾಗ ಇಂಥಾ ಹಾಡು ಬದುವಿನ ಮ್ಯಾಲೆ ನಿಂತು ಕೇಳೀನ್ರಿ. ಸಾಲಿನಾಗ ನಿಂತು ಕೇಳಿದ್ದು ಇವತ್ತೇ" ಎಂದರು. ಮೂರು ಹಾಳೆಯ ಭಾಷಣವನ್ನು ಮಡಚಿ ಸೇಬಿನ ಹಣ್ಣುಗಳ ಸಂದಿಗೆ ತುರುಕಿ ಹೋಗಿ ಕುರ್ಚಿಯಲ್ಲಿ ಕೂತರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ನಾನೂ ಎಲ್ಲ ನನ್ನದೇ ಏರ್ಪಾಡು ಎನ್ನುವ ಮುಖ ಮಾಡಿಕೊಂಡು ಕೂತೆ.

ತಿಮ್ಮವ್ವನ ಗುಂಪು ವೇದಿಕೆಗೆ ಬಂದು ಇಪ್ಪತ್ತು ನಿಮಿಷ ಹಾಡಿತು. ಆ ಹಾಡು ಕೇಳಿ ನನಗೆ ಕಣ್ಣು ತುಂಬಿತು. ಒಂದು ವರ್ಷ ಇವರನ್ನು ಬಾಳೆಹಣ್ಣು ಕೊಟ್ಟು ಕಳಿಸಿದವನು ನಾನು. ಇನ್ನೂರು ಪುಟದ ಪುಸ್ತಕ ಹಿಡಿದು ಜನಪದ ಪಾಠ ಮಾಡುವವನೂ ನಾನೇ.

ಆರಕ್ಕೆ ಹತ್ತು ನಿಮಿಷವಿರುವಾಗ ಅವರೆದ್ದರು. ಸವಿತಾ ಅವರ ಚೀಲ ಹೊತ್ತು ಆಟೊ ಹತ್ತಿಸಿ, ತಾನೂ ಹತ್ತಿ ಬಸ್ ನಿಲ್ದಾಣಕ್ಕೆ ಹೋದಳು. ನೌಕರಿ ಯಾರಿಗೆ ಎಂದು ಹೇಳುವ ಹೊತ್ತಾಗಿತ್ತು. ಉಳಿದ ಎಂಟು ಮಂದಿಯೂ ಅಲ್ಲೇ ಸುಳಿದಾಡುತ್ತಿದ್ದರು. ಅವಳು ತಿರುಗಿ ಕೂಡ ನೋಡಲಿಲ್ಲ. ನನ್ನ ಜೇಬಿನಲ್ಲಿ ತನ್ನ ಹೆಸರು ಇರುವುದಿಲ್ಲ ಎಂದು ಮೂರು ಗಂಟೆಗೇ ತಿಳಿದುಕೊಂಡಿದ್ದಳು.

"ಸರ್, ಹೆಸರು" ಎಂದು ನಾಗರತ್ನಾ ಮೇಡಂ ಕೈ ಚಾಚಿದರು.

ಲಕೋಟೆ ತೆಗೆದೆ. ತೆಗೆದು, ಅವರ ಕೈಗೆ ಕೊಡದೆ, ನಾಲ್ಕು ತುಂಡು ಮಾಡಿದೆ. "ಇದರಾಗ ಬರದದ್ದು ನಿನ್ನೆ ಬೆಳಿಗ್ಗಿನ ಬುದ್ಧಿ ಮೇಡಂ. ಸವಿತಾ ಅಂತ ಬರ್ಕೊಳ್ರಿ. ಆ ಹುಡುಗಿ ಇವತ್ತು ನನ್ನ ಮಾತು ಮೀರ್ಯಾಳ. ಮೀರಿದ್ದಕ್ಕನ ಹೇಳಾಕತ್ತೀನಿ."

ಮೇಡಂ ಕೂಡಲೇ ಅವಳಿಗೆ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಇಟ್ಟರು. ಆ ಕಡೆ ಬಸ್ಸಿನ ಸದ್ದು, ಹೆಂಗಸರ ಗದ್ದಲ. ಒಂದನೇ ತಾರೀಖಿಗೆ ಹುಬ್ಬಳ್ಳಿಗೆ ಬಂದು ಕೆಲಸಕ್ಕೆ ಸೇರು ಎಂದರು. ಗದ್ದಲದ ನಡುವೆ ಸವಿತಾಳ ದನಿ ಬಂತು.

"ಮೇಡಂ, ಒಂದನೇ ತಾರೀಖಿಗೆ ಆಗಂಗಿಲ್ರಿ."

ನನಗೆ ಫೋನಿನೊಳಗೆ ಕೈ ಹಾಕಿ ಅವಳ ಕಿವಿ ಹಿಂಡಬೇಕು ಅನ್ನಿಸಿತು. ಎಂ.ಎ. ಮುಗಿಸಿ ನಾಲ್ಕು ವರ್ಷವಾದರೂ ಅಲೆಯುತ್ತಿರುವವರನ್ನು ಬೇಕಾದಷ್ಟು ಕಂಡಿದ್ದೇನೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರು, ಪೂಜಾರಿ ಇಬ್ಬರೂ ಕೊಡುತ್ತಿದ್ದರೆ ಇವಳು ಬೇಡ ಎನ್ನುತ್ತಿದ್ದಾಳೆ!

"ಯಾಕ?" ಎಂದರು ಮೇಡಂ.

"ಇನ್ನೂ ನೆಲ್ಲು ಹಚ್ಚೋದು ಅದರಿ. ಹತ್ತನೇ ತಾರೀಖಿನ ತನಕ ಗುಂಪು ಒಪ್ಕೊಂಡದ. ತುದಿ ನಂದ್ರಿ. ನಾ ಬಿಟ್ಟು ಬಂದ್ರ ನಡುವಿನೋರು ಹಿಂದ ಬೀಳ್ತಾರ. ಈ ಕೆಲಸ ನಂಗ ಭಾಳ ಬೇಕಾಗ್ಯದ್ರಿ ಮೇಡಂ. ಆದ್ರ ಒಪ್ಕೊಂಡ ಕೆಲಸ ಬಿಟ್ಟು ಬರಾಕ ಆಗಂಗಿಲ್ಲ."

ಹಿಂದಿನಿಂದ ತಿಮ್ಮವ್ವ, "ಹ್ಞೂಂ ಅನ್ನ ಬೇ, ಹ್ಞೂಂ ಅನ್ನ! ನಾವ್ ನೋಡ್ಕೋತೀವಿ" ಎಂದು ಕೂಗುವುದು ಕೇಳಿಸಿತು. ಸವಿತಾ ಹ್ಞೂಂ ಅನ್ನಲಿಲ್ಲ.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಹನ್ನೊಂದಕ್ಕ ಬಾ" ಎಂದರು. "ಅಲ್ಲೀತನ ನಿನ್ನ ಕುರ್ಚಿ ಖಾಲಿ ಇರ್ತದ."

ಆ ಕಡೆಯಿಂದ ಏಳು ಹೆಂಗಸರು ಒಮ್ಮೆಗೇ ಹೋ ಎಂದದ್ದು ಕೇಳಿಸಿತು, ಆಮೇಲೆ ಕಂಡಕ್ಟರನ ಸೀಟಿ.

ಹನ್ನೊಂದಕ್ಕೆ ಅವಳು ಹೋದಳು. ಈಗ ಏಳು ಜಿಲ್ಲೆ ತಿರುಗುತ್ತಾಳೆ. ಹಾಡುವವರು ಹಾಡಿಯೇ ಮನೆಗೆ ಹೋಗುವಂತೆ ನೋಡಿಕೊಳ್ಳುತ್ತಾಳೆ ಎಂದು ಮೇಡಂ ಬರೆದಿದ್ದರು.

ಕಳೆದ ವಾರ ಕಾವ್ಯಾ ಆ ದಿನದ ಫೋಟೊ ತಂದುಕೊಟ್ಟಳು. ಎಲ್ಲರೂ ಶಾಲು ಹೊದ್ದು ಸಾಲಾಗಿ ನಿಂತಿದ್ದೇವೆ. ಎಡತುದಿಗೆ ಸವಿತಾ, ಬಲತುದಿಗೆ ಮೈಕ್ ಹಿಡಿದ ಕಾವ್ಯಾ. ನಾನು ಎಲ್ಲಿದ್ದೇನೆ ಎಂದು ಹುಡುಕಿದೆ. ಶಾಲಿನವರನ್ನು ಎಡದಿಂದ ಎಣಿಸಿದರೆ ಹನ್ನೊಂದನೆಯವನು, ಬಲದಿಂದ ಎಣಿಸಿದರೆ ಹನ್ನೆರಡನೆಯವನು.

ಎರಡು ಸಲ ಎಣಿಸಿದೆ. ಆಮೇಲೆ ಊಟದ ಪಂಕ್ತಿಯ ಹತ್ತಿರ ಅವಳು ಹೇಳಿದ "ಮೆಲ್ಲಗ ಹಚ್ಚೋರು ನಡುವ" ಎಂಬ ಮಾತು ನೆನಪಾಗಿ ಕೋಣೆಯಲ್ಲಿ ಒಬ್ಬನೇ ಗಟ್ಟಿಯಾಗಿ ನಕ್ಕೆ. ಹನ್ನೆರಡು ವರ್ಷ ಈ ಸಾಲನ್ನು ಎಳೆಯುತ್ತಿರುವವನು ನಾನೇ ಎಂದುಕೊಂಡಿದ್ದೆ.

ಫೋಟೊಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಯಾರಾದರೂ ಕೇಳಿದರೆ ನನಗಾದ ಸನ್ಮಾನದ ಫೋಟೊ ಎಂದು ಹೇಳುತ್ತೇನೆ.