ಬಲೆಗೆ ಕಚ್ಚೆ ಹಾಕಿದ ಶಿವಕಾಂತಾ

ಶಿವಕಾಂತಾ ನಡೆಯುವುದನ್ನು ಮೊದಲ ಸಲ ನೋಡಿದವರು ಅವಳ ಕಾಲಿಗೆ ಏನೋ ತೊಡರಿಕೊಂಡಿದೆ ಎಂದೇ ತಿಳಿಯುತ್ತಾರೆ. ಮೀನುಬಲೆ ಕಾರ್ಖಾನೆಯ ನೆಲದ ಮೇಲೆ ಸದಾ ಹರಡಿರುವ ಬಲೆಗಳ ನಡುವೆ ವರ್ಷಗಟ್ಟಲೆ ಓಡಾಡಿದ ಆ ಪಾದಗಳು ಕೊಕ್ಕರೆಯ ಹಾಗೆ ಎತ್ತರಕ್ಕೆದ್ದು, ಗಾಳಿಯಲ್ಲಿ ಒಂದು ಕ್ಷಣ ಯೋಚಿಸಿ, ಆಮೇಲೆ ಇಳಿಯುತ್ತವೆ. ಪುಣೆಯ ಅಂಚಿನ ವಾಕಡದ ಗುಂಡಿಬಿದ್ದ ರಸ್ತೆಯಲ್ಲೂ ಹಾಗೆಯೇ, ಸೋಮವಾರ ಸಂಜೆ ಈಶ್ವರನ ಗುಡಿಯ ನುಣುಪು ಕಲ್ಲಿನ ಮೇಲೂ ಹಾಗೆಯೇ. ಸೀರೆಯ ಮೇಲೊಂದು ಗಂಡಸರ ನೀಲಿ ಕೋಟು. ಅದರ ಒಂದು ಜೇಬಿನಲ್ಲಿ ಬಲೆ ಹೊಲಿಯುವ ಬಿದಿರಿನ ಸೂಜಿ, ಇನ್ನೊಂದರಲ್ಲಿ ವಿಭೂತಿಯ ಗಟ್ಟಿ. ಕಂಪನಿ ಕೊಟ್ಟ ಪ್ಲಾಸ್ಟಿಕ್ ಸೂಜಿಯನ್ನು ಅವಳು ಇದುವರೆಗೆ ಮುಟ್ಟಿಲ್ಲ.

ಶಹಾಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ತಾಯಿಯ ಸೆರಗು ಹಿಡಿದು ಪುಣೆಗೆ ಬಂದವಳು. ಇಟ್ಟಿಗೆ ಹೊರುವುದನ್ನು ಬಿಟ್ಟು ಪಿಂಪರಿಯ ಆಚೆಗಿನ ಈ ಬಲೆ ಕಾರ್ಖಾನೆ ಸೇರಿದಳು. ಈಗ ಯಂತ್ರ ಹೆಣೆದ ಬಲೆಗೆ ಹಗ್ಗ, ಬೆಂಡು, ಭಾರದ ಗುಂಡುಗಳನ್ನು ಕೈಯಿಂದ ಕಟ್ಟುವ ಹಜಾರಕ್ಕೆ ಅವಳೇ ಹಿರಿಯಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಮೀನು ಮುಟ್ಟಿದವಳಲ್ಲ, ಕಡಲು ಕಂಡವಳಲ್ಲ. ಯಾರು ಏನು ಕೇಳಿದರೂ ಅವಳದು ಒಂದೇ ಉತ್ತರ: "ಹಂಗಾದ್ರ ನೋಡಾಮು."

ಕೊಂಕಣದ ದತ್ತು ಬಂದಾಗಲೂ ಅದನ್ನೇ ಅಂದಳು. ದತ್ತು ದೋಣಿಯ ಒಡೆಯ. ತನ್ನ ಇಡೀ ವಾಡಿಗೆ, ಅಂದರೆ ಮೀನುಗಾರರ ಕೇರಿಗೆ, ಬೇಕಾದ ಬಲೆಗಳನ್ನು ಇಲ್ಲಿಂದಲೇ ಒಯ್ಯುವವನು. ತಾಯಿಯ ತವರು ಖಾನಾಪುರವಾದ್ದರಿಂದ ಅರ್ಧ ಕನ್ನಡ, ಅರ್ಧ ಮರಾಠಿ. ಅವನ ಕಡೆ ಶಾರ್ಕಿಗೆ ಮುಶಿ, ಅಂಜಲ್ ಮೀನಿಗೆ ಸುರಮಯಿ, ಕಡಲ ಹಿನ್ನೀರಿಗೆ ಖಾಡಿ, ಬಲೆಗೆ ಜಾಳಿ ಅನ್ನುತ್ತಾರೆ.

"ಮುಶಿ ಅಂದ್ರ ಬಾಂಗಡಾ ಅಲ್ಲ ಬಾಯಿ, ಲಕ್ಷ ತತ್ತಿ ಚೆಲ್ಲಿ ಹೋಗಾಕ. ನಮ್ಮ ಖಾಡಿಗೆ ಬರೂದು ಹೆಣ್ಣಮಕ್ಕಳಂಗ ಬಸರಾಗಿ ನಾಕಾರು ಮರಿ ಹಾಕತೈತಿ. ದೊಡ್ಡ ಮೀನಿಗೆ ಸಿಗಬಾರದಂತ ದಂಡಿ ಸಮೀಪ ಬಿಟ್ಟು ಹೋಕ್ಕೈತಿ. ನನ್ನ ಜಾಳಿ ಆ ಕೂಸುಗಳನ್ನ ಬಾಚಿಕೊಂಡು ಬರತೈತಿ. ನಮ್ಮಪ್ಪ ಹಿಡೀತಿದ್ದಂಥಾ ಮುಶಿ ಈಗ ಕಣ್ಣಿಗೂ ಬೀಳೂದಿಲ್ಲ. ನನಗ ಸುರಮಯಿ ಬೀಳಬೇಕು, ಮರಿ ಬೀಳಬಾರದು. ಅಂಥಾ ಜಾಳಿ ಆಗತೈತೇನು?"

ಕೇಳುವಾಗ ಶಿವಕಾಂತಾ ತಲೆಯಾಡಿಸುವುದಿಲ್ಲ, ಹೂಂಗುಟ್ಟುವುದಿಲ್ಲ. ಸೂಜಿ ತನ್ನ ಪಾಡಿಗೆ ಓಡುತ್ತಿರುತ್ತದೆ, ಮಾತು ಒಂದೂ ಕೆಳಗೆ ಬೀಳುವುದಿಲ್ಲ. ವ್ಯವಸ್ಥಾಪಕ ಕೇದಾರ, ಧಾರವಾಡದವನು, ನಕ್ಕ: "ಶಿವಕ್ಕಾರ, ನಾವು ಮಾಡೂದು ಬಲಿ, ಅಪಾರ್ಟ್‌ಮೆಂಟ್ ಅಲ್ಲರೀ, ಒಬ್ಬೊಬ್ಬರಿಗೆ ಒಂದೊಂದು ಬಾಗಲಾ ಇಡಲಿಕ್ಕೆ!"

"ಹಂಗಾದ್ರ ನೋಡಾಮು" ಅಂದಳು ಅವಳು. ಅವಳ ಮನೆತನದಲ್ಲಿ ಆಡಿದ ಮಾತಿಗೆ ಕೊರಳ ಲಿಂಗದಷ್ಟೇ ತೂಕ.

ಮೊದಲು ಅವಳು ಮಾಡಿದ್ದು ಬಲೆಯ ಕಾರ್ಖಾನೆಯವರಷ್ಟೇ ಮಾಡಬಲ್ಲ ತಪ್ಪು. ಹಗಲೆಲ್ಲ ಬಲೆಯ ಕಣ್ಣುಗಳನ್ನೇ ಅಳೆಯುವವರಿಗೆ ಬಲೆಯೆಂದರೆ ಬರೀ ಕಣ್ಣು. ಮರಿ ಪಾರಾಗಲೆಂದು ಕಣ್ಣು ದೊಡ್ಡದು ಮಾಡಿ ಕಳಿಸಿದಳು. ತಿಂಗಳೊಳಗೆ ದತ್ತು ಬಂದು ಆ ಬಲೆಯನ್ನು ಅವಳ ಮುಂದೆ ಒಗೆದ. "ಸುರಮಯಿ ನಮಸ್ಕಾರ ಮಾಡಿ ಹೊರಗ ಹೋತು. ಮರಿ ಮೂತಿ ತೂರಿಸಿ, ಗಿರಗಿರ ತಿರುಗಿ, ಸುತ್ತಿಕೊಂಡು ಸತ್ತಿತು. ಶಾಬ್ಬಾಸ್ ಬಾಯಿ!"

ಇನ್ನೊಂದೇ ಬಲೆ ಎಂದ ಕೇದಾರ. ಅದೂ ಸೋತರೆ ದತ್ತುವಿನ ವಾಡಿ ಬೇರೆ ಕಾರ್ಖಾನೆಯ ಬಾಗಿಲು ತಟ್ಟುತ್ತದೆ, ಆಮೇಲೆ ಈ ಹಜಾರದಲ್ಲಿ ಯಾರೂ ಹೊಸತನ್ನು ಕಟ್ಟಿ ನೋಡುವ ಮಾತೆತ್ತಬಾರದು. ಶಿವಕಾಂತಾ ಸೋತ ಬಲೆಯನ್ನು ಮಡಿಲಿಗೆಳೆದುಕೊಂಡು ದತ್ತುವನ್ನು ಕೇಳಿದಳು, "ಮರಿ ಎಲ್ಲಿ ಆಡ್ತಾವ? ಮ್ಯಾಲೋ, ತಳಕೋ?"

"ತಳಕ. ರಾಡಿಗೆ ಹೊಟ್ಟಿ ಹಚ್ಚಿಕೊಂಡು ಏಡಿ, ಸಿಗಡಿ ಹುಡುಕತಾವ. ಸುರಮಯಿ ಮ್ಯಾಲ."

ಆ ವಾರವೇ ಮೊದಲ ಮಳೆ. ವಾಕಡದ ಅವಳ ಓಣಿಯ ತುದಿಯಲ್ಲಿ ಹೊಸ ಕಟ್ಟಡದ ಪಾಯ ನೀರು ತುಂಬಿ ಕೆಸರಾಗಿತ್ತು. ಅವಳ ಜಿಲ್ಲೆಯವರೇ ಆದ ಹೆಂಗಸರು ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಕಚ್ಚೆ ಕಟ್ಟಿ ರಾಡಿಯಲ್ಲಿ ನಿಂತು ಬುಟ್ಟಿ ಸಾಗಿಸುತ್ತಿದ್ದರು. ಕೆಂಪು ನೀರು ಎಲೆ, ಕಡ್ಡಿ, ಕಾಗದಗಳನ್ನು ಹೊತ್ತು ಅವರ ಕಾಲುಗಳ ನಡುವೆ ಹಾದುಹೋಗುತ್ತಿತ್ತು, ಸೀರೆಯ ಅಂಚಿಗೆ ಒಂದೂ ತಗಲುತ್ತಿರಲಿಲ್ಲ. ಶಿವಕಾಂತಾ ನಿಂತೇಬಿಟ್ಟಳು.

"ಏನ್ ನೋಡ್ತಿ ಯಕ್ಕಾ? ನಿಂದೂ ಎತ್ತಿ ಕಟ್ಟಿ ಇಳಿ, ಕೆಲ್ಸ ಅದ!" ಎಂದು ಪಾಯದೊಳಗಿನಿಂದ ಒಬ್ಬಳು ಕೂಗಿದಳು.

ಮರುದಿನ ಅವಳು ಹಳೆಯ ಅಳತೆಯ ಕಣ್ಣಿನ ಬಲೆಯನ್ನೇ ತೆಗೆದುಕೊಂಡಳು. ಭಾರದ ಗುಂಡುಗಳನ್ನು ಅಂಚಿಗೆ ಕಟ್ಟದೆ, ಮೊಳದುದ್ದದ ಬರಿಯ ದಾರಗಳಿಗೆ ಇಳಿಬಿಟ್ಟಳು. ಗುಂಡು ಕೆಸರಿನಲ್ಲಿ ಕೂರುತ್ತದೆ, ಬಲೆಯ ಅಂಚು ಮೊಳದಷ್ಟು ಮೇಲೆ ನಿಲ್ಲುತ್ತದೆ. ಪಕ್ಕದ ರಂಗೂಬಾಯಿ ಬಾಯಿಮೇಲೆ ಕೈಯಿಟ್ಟುಕೊಂಡಳು: "ಅವ್ವಯ್ಯ! ಬಲಿಗೆ ಕಚ್ಚಿ ಹಾಕೀದೇನ ಶಿವಕ್ಕ?"

"ಹೂಂ. ತಳದಾಗ ಕೂಸು ಆಡ್ತಾವ. ಕಾಲಾಗ ಸಿಗಬಾರದು."

ಬಲೆ ಹೋಯಿತು. ಮಳೆಗಾಲ ಕಳೆದು ದೋಣಿಗಳು ಕಡಲಿಗಿಳಿದವು. ಸುದ್ದಿಯಿಲ್ಲ. ಸೋಮವಾರಗಳಲ್ಲಿ ಅವಳು ಗೆಲುವು ಬೇಡಲಿಲ್ಲ. "ಆ ನೀರಿನಾಗ ನನ್ನ ಕಣ್ಣಿಲ್ಲ, ನಿನ್ನ ಕಣ್ಣದ" ಎಂದಷ್ಟೇ ಈಶ್ವರನಿಗೆ ಹೇಳಿ ಬರುತ್ತಿದ್ದಳು.

ಒಂದು ಬೆಳಿಗ್ಗೆ ಟೆಂಪೊ ಕಾಣುವ ಮೊದಲೇ ಅದರ ನಾತ ಬಂತು. ಗೇಟಿನ ಕಾವಲುಗಾರ ಮೂಗು ಹಿಡಿದುಕೊಂಡು ಓಡಿದ. ಟೆಂಪೊ ತುಂಬ ಒದ್ದೆ ಬಲೆಗಳ ಗುಡ್ಡೆ. "ಹೋಯ್ತವ್ವಾ, ಇಡೀ ವಾಡಿ ತಿರುಗಿ ಕೊಡಲಾಕ ಬಂದದ" ಎಂದಳು ರಂಗೂಬಾಯಿ. ಶಿವಕಾಂತಾಳ ಸೂಜಿ ಆ ದಿನ ಮೊದಲ ಸಲ ನಿಂತಿತು.

ದತ್ತು ಬಲೆಗಳ ಮೇಲಿನಿಂದಲೇ ಜಿಗಿದ. "ಬಾಯಿ! ಸಗಳ್ಯಾಂನಾ ಕಾಷ್ಟಾ ಘಾಲಾ! ಎಲ್ಲಾಕ್ಕೂ ಕಚ್ಚಿ ಹಾಕ್ರಿ! ವಾಡೀದು ಒಂದೂ ಬಿಟ್ಟಿಲ್ಲ, ಎಲ್ಲಾ ತಂದೀನಿ!"

ಸುರಮಯಿ ಮೊದಲಿನ ಹಾಗೆಯೇ ಬಿದ್ದಿತ್ತು. ಮರಿ ಅಪರೂಪಕ್ಕೆ ಎಲ್ಲೋ ಒಂದು. ಮರಿಗಳನ್ನು ಬಿಡಿಸುತ್ತ ಬಲೆ ಹರಿದುಕೊಂಡು ಕೂರುವ ಕಷ್ಟ ಅವನ ದೋಣಿಯಲ್ಲಿ ಇಲ್ಲದ್ದನ್ನು ಕಂಡು, ವಾಡಿಯಲ್ಲಿ ಮೊದಲು ನಕ್ಕವರೇ ತಮ್ಮ ಬಲೆಗಳನ್ನು ಹೊತ್ತು ತಂದಿದ್ದರು. "ಇಳಿತದಾಗ ಖಾಡಿ ಬಾಯಾಗ ನೋಡಬೇಕು ಬಾಯಿ," ಎಂದ ದತ್ತು, "ಮರಿ ಹಿಂಡಹಿಂಡ ಓಡ್ಯಾಡತಾವ. ನಮ್ಮವ್ವ ಅಂದ್ಲು, ಇಷ್ಟು ವರ್ಷಕ್ಕ ಜಾಳಿಗೆ ಬುದ್ಧಿ ಬಂತು ಅಂತ."

ಹಜಾರದ ಹೆಂಗಸರ ನಗೆ, ಕೂಗುಗಳಲ್ಲಿ ಯಂತ್ರಗಳ ಸದ್ದೇ ಅಡಗಿತು. ಕೇದಾರ ಬೂಟು ಕಳಚಿ, ತಾನೇ ಒಂದು ಬಲೆಯ ತುದಿ ಹಿಡಿದು ಒಳಗೆಳೆದ. "ಸಾಹೇಬ್ರ, ಇವತ್ತ ವೈನಿ ನಿಮ್ಮನ್ನ ಮನಿಯೊಳಗ ಬಿಡಂಗಿಲ್ಲ!" ಎಂದು ರಂಗೂಬಾಯಿ ಚಪ್ಪಾಳೆ ತಟ್ಟಿದಳು. ಶಿವಕಾಂತಾ ಮೂಗಿಗೆ ಸೆರಗು ಹಿಡಿಯಲಿಲ್ಲ. ಲಿಂಗವನ್ನೊಮ್ಮೆ ಕಣ್ಣಿಗೊತ್ತಿಕೊಂಡು, ಆ ನಾತದ ನಡುವೆ ಕಾಲು ಮಡಚಿ ಕುಳಿತು, ಮೊದಲ ಬಲೆಯ ಅಂಚನ್ನು ಎಳೆದುಕೊಂಡಳು.

ಹಿಡಿಯುವ ಜಾಣ್ಮೆಯನ್ನು ಲೋಕ ಮೊದಲಿನಿಂದಲೂ ಹಾಡಿ ಹೊಗಳಿದೆ. ಶಿವಕಾಂತಾಳಂಥವರು ಆ ಹಾಡಿನೊಳಗೆ ಬರುವುದಿಲ್ಲ. ತಾವು ಉಣ್ಣದ ಮೀನಿನ ಚಿಂತೆಯನ್ನು, ತಾವು ಕಾಣದ ನೀರಿನ ಭಾರವನ್ನು ಆಡಿದ ಒಂದು ಮಾತಿಗಾಗಿ ಹೊತ್ತು ತಿರುಗುತ್ತಾರೆ. ಸೋತರೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಅವರು ಗೆದ್ದ ದಿನ ಎಲ್ಲೋ ದೂರದ ಕೆಸರಿನಲ್ಲಿ, ತಮ್ಮ ತಲೆಯ ಮೇಲೆ ಬಲೆಯೊಂದು ಹಾದುಹೋದದ್ದು ಕೂಡ ತಿಳಿಯದೆ, ಎಳೆಯ ಜೀವಗಳು ದೊಡ್ಡವಾಗುತ್ತಿರುತ್ತವೆ.