ಲಿಡ್ವಿನಳ ವೊವಿಯೊ

ಕಪ್ಪು ಕೋಟಿನ ಒಂದು ತೋಳಿಗೆ ಕೈ ತೂರಿಸಿ, ಇನ್ನೊಂದನ್ನು ಬೆನ್ನ ಹಿಂದೆ ಹುಡುಕುತ್ತಲೇ ಬ್ಯಾಪ್ಟಿಸ್ಟ್ ತನ್ನ ತಮ್ಮನ ಮಗಳ ಮದುವೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿಬಿಟ್ಟ. ಕೋಟು ಅವನ ಸ್ವಂತ ಮದುವೆಯದ್ದು. ಮೂವತ್ತೈದು ವರ್ಷಗಳಲ್ಲಿ ಅದು ಇದ್ದ ಹಾಗೆಯೇ ಇತ್ತು, ಬ್ಯಾಪ್ಟಿಸ್ಟ್ ಮಾತ್ರ ಹಾಗಿರಲಿಲ್ಲ.

"ಸಾವಾದ ಮನೆಯಲ್ಲಿ ಹತ್ತೊಂಬತ್ತು ದಿನಕ್ಕೆ ಮದುವೆ ಅಂದರೆ ಜನ ಎಂತ ಹೇಳಿಯಾರು? ನಾನು ಕಾರ್ಕಳದಲ್ಲಿ ಮುಖ ಎತ್ತಿ ನಡೆಯಬೇಕು, ಅಲ್ವಾ?"

ಲಿಡ್ವಿನ್ ಕೋಟಿನ ಇನ್ನೊಂದು ತೋಳನ್ನು ಅವನ ಕೈಗೆ ಸಿಗುವಂತೆ ಹಿಡಿದುಕೊಟ್ಟಳು. ಮಣಿಪಾಲದಲ್ಲಿ ನರ್ಸ್ ಆಗಿದ್ದವಳು. ಗಂಡಸರಿಗೆ ಬಟ್ಟೆ ತೊಡಿಸುವಾಗ ಮಾತನಾಡಬಾರದು ಎಂದು ಅಲ್ಲಿ ಕಲಿತಿದ್ದಳು.

ಒಳಗೆ ಪೆಟ್ಟಿಗೆಯಲ್ಲಿ ಅವಳ ಅಪ್ಪ, ಬ್ಯಾಪ್ಟಿಸ್ಟನ ತಮ್ಮ ಕಜೆಟನ್ ಮಲಗಿದ್ದ. ಮೂವತ್ತು ವರ್ಷ ಇಗರ್ಜಿಯ ಗಂಟೆ ಬಾರಿಸಿದವನು, ಜ್ಞಾನಸ್ನಾನವಾದವರ ಹೆಸರಿನ ಪುಸ್ತಕ ಬರೆದವನು. ನಿನ್ನೆ ಬೆಳಿಗ್ಗೆ ಆರರ ಗಂಟೆ ಬಾರಿಸಿ, ಹಗ್ಗವನ್ನು ಕೊಕ್ಕೆಗೆ ಸುತ್ತಿಟ್ಟು, ಮೆಟ್ಟಿಲ ಮೇಲೆ ಕೂತವನು ಮತ್ತೆ ಏಳಲಿಲ್ಲ. ಅವನ ಸಾವಿನ ಗಂಟೆಯನ್ನು ಬಾರಿಸಬೇಕಾದವನು ಅವನೇ ಆದ್ದರಿಂದ, ಕಾಪುವಿನ ಆ ಇಗರ್ಜಿಯಲ್ಲಿ ನಿನ್ನೆ ಗಂಟೆ ಒಂದು ತಾಸು ತಡವಾಯಿತು. ಬಾರಿಸಿದವರಿಗೆ ಲಯ ತಿಳಿಯದೆ, ಅರ್ಧ ಊರು ಬೆಂಕಿ ಬಿದ್ದಿದೆ ಎಂದು ಕೊಡಪಾನ ಹಿಡಿದು ಓಡಿಬಂತು.

ಮದುಮಗ ಲಿಯೋನೆಲ್ ಮೊದಲು ಮಲ್ಪೆಯ ಐಸ್ ಪ್ಲಾಂಟಿನಲ್ಲಿದ್ದು, ಈಗ ಬಹರೈನ್‌ನ ಮರಳುಗಾಡಿನಲ್ಲಿ ಅದೇ ಮಂಜುಗಡ್ಡೆ ಮಾಡುತ್ತಿದ್ದ. ಮದುವೆ ನಿಶ್ಚಯವಾದದ್ದು ಫೆಬ್ರವರಿ ಹದಿನೈದಕ್ಕೆ; ಆ ತಿಂಗಳು ಮುಗಿಯುವುದರೊಳಗೆ ಅವನ ರಜೆ ಮುಗಿಯುತ್ತದೆ. ಯಾರದ್ದಾದರೂ ಆಕ್ಷೇಪ ಉಂಟೋ ಎಂದು ಕೇಳುವ ಮದುವೆಯ ಚೀಟಿಯನ್ನು ಇಗರ್ಜಿಯಲ್ಲಿ ಎರಡು ಭಾನುವಾರ ಓದಿ ಆಗಿತ್ತು, ಮೂರನೆಯದು ಬಾಕಿ. ಬೂದಿ ಬುಧವಾರ ಬಂತೆಂದರೆ ನಲವತ್ತು ದಿನ ಮದುವೆಯೇ ಇಲ್ಲ. ಗಲ್ಫಿನವರ ವಿಷಯದಲ್ಲಿ ಒಂದು ವರ್ಷ ಎಂದರೆ ಎಷ್ಟು ಎನ್ನುವುದು ವಾಡೆಯ, ಅಂದರೆ ಆ ಕೇರಿಯ, ಜನರಿಗೆ ಗೊತ್ತಿತ್ತು. ನಾಲ್ಕು ಮನೆ ಆಚೆ ೧೯೭೮ರಲ್ಲಿ ಮುಂದಕ್ಕೆ ಹಾಕಿದ ಮದುವೆಯೊಂದು ಇನ್ನೂ ಮುಂದೆಯೇ ಇತ್ತು.

ಲಿಯೋನೆಲ್ ಬಾಗಿಲ ಬಳಿ ನಿಂತು ತನ್ನ ಷೂಗಳನ್ನು ನೋಡುತ್ತಿದ್ದ. ಅವನ ತಾಯಿ ಇಮೆಲ್ಡಾ ಹೆಂಗಸರ ನಡುವೆ ಕೂತಿದ್ದಳು. ಅವಳ ಮುಖದಿಂದ ಏನನ್ನೂ ಓದುವ ಹಾಗಿರಲಿಲ್ಲ.

"ಪಪ್ಪ ಇದ್ದಿದ್ದರೆ ಮುಂದಕ್ಕೆ ಹಾಕುತ್ತಿರಲಿಲ್ಲ ದೊಡ್ಡಪ್ಪ," ಎಂದಳು ಲಿಡ್ವಿನ್.

"ಅವನು ಇದ್ದಿದ್ದರೆ ಮುಂದಕ್ಕೆ ಹಾಕುವ ಕೆಲಸವೇ ಇರಲಿಲ್ಲವಲ್ಲ ಮಗಳೇ," ಎಂದ ಬ್ಯಾಪ್ಟಿಸ್ಟ್.

*

ಕಜೆಟನ್‌ನ ಹೆಂಡತಿ ಜ್ವರದಲ್ಲಿ ತೀರಿಕೊಂಡಾಗ ಲಿಡ್ವಿನಳಿಗೆ ಹನ್ನೊಂದು ತಿಂಗಳು. ಮಗುವನ್ನು ಕಾರ್ಕಳಕ್ಕೆ ಕರೆದೊಯ್ಯುತ್ತೇನೆ ಎಂದು ಬ್ಯಾಪ್ಟಿಸ್ಟ್ ಅಂದೇ ಹೇಳಿದ್ದ. ಕಜೆಟನ್ ಬೇಡವೆಂದ. ಅವನು ಜೀವಮಾನದಲ್ಲಿ ಅಣ್ಣನಿಗೆ ಬೇಡವೆಂದದ್ದು ಅದೊಂದೇ ಸಲ.

ಮಗು ಮಲಗಬೇಕಾದರೆ ಹಾಡಬೇಕು. ತೊಟ್ಟಿಲ ಹಾಡು ಗಂಡಸರಿಗೆ ಯಾರೂ ಕಲಿಸಿರಲಿಲ್ಲ. ಅವನಿಗೆ ಬರುತ್ತಿದ್ದುದು ಎರಡೇ ಧಾಟಿ. ಒಂದು, ಸತ್ತವರ ಪೂಜೆಯ ಲ್ಯಾಟಿನ್. ಅದಕ್ಕೆ ಮಗು ಕಿರುಚುತ್ತಿತ್ತು. ಇನ್ನೊಂದು, ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ 'ರೋಸ್' ಶಾಸ್ತ್ರದಲ್ಲಿ ಹೆಂಗಸರು ಹಾಡುವ ವೊವಿಯೊ. ಒಬ್ಬಳು ಸಾಲು ಹೇಳಬೇಕು, ಉಳಿದವರು ಅದನ್ನೇ ಎತ್ತಿ ಹಾಡಬೇಕು. ಗಂಡಸರು ಹೊರಗೆ ನಿಂತು ಕೇಳಿದರೆ ಅಡ್ಡಿಯಿಲ್ಲ. ಅವನು ಹಾಗೆ ಕೇಳಿದ್ದ ಧಾಟಿಗೆ ಮಗು ನಿದ್ದೆ ಮಾಡಿತು.

ಕೇಳಿದ್ದ ಪದಗಳು ಒಂದು ವಾರದಲ್ಲಿ ಮುಗಿದುಹೋದವು. ಆಮೇಲೆ ಅವನು ಸ್ವಂತದ್ದು ಸೇರಿಸಿದ: ಮಗುವಿನ ಮೊದಲ ಹೆಜ್ಜೆ, ನಾಯಿಕೆಮ್ಮು, ಸೀದುಹೋದ ಗಂಜಿ. ಒಂದು ಸಂಜೆ ಪಕ್ಕದ ಮನೆಯ ವೆರೊನಿಕಾ ತೆಂಗಿನಕಾಯಿ ತುರಿಯುವ ಮಣೆಯನ್ನು ವಾಪಸು ಕೊಡಲು ಬಂದವಳು, ಕೊಡದೆ ಜಗಲಿಯಲ್ಲೇ ನಿಂತು ಕೇಳಿದಳು. ವಾಡೆಯಲ್ಲಿ ವೊವಿಯೊ ಹೇಳಿಕೊಡುವವಳು ಅವಳೇ. ಮುಂದಿನ ವಾರದ ರೋಸಿನಲ್ಲಿ ಅವಳು ಅವುಗಳಲ್ಲೊಂದನ್ನು ಹಾಡಿದಳು. ಮದುಮಗಳು ಅತ್ತಳು, ಮದುಮಗಳ ತಾಯಿ ಅತ್ತಳು, ವೆರೊನಿಕಾಗೆ ಎರಡು ಸೀರೆ ಸಿಕ್ಕಿತು.

ಅಲ್ಲಿಂದ ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಜ್ಞಾನಸ್ನಾನದ ಪುಸ್ತಕ ಅವನ ಕೈಯಲ್ಲಿದ್ದುದರಿಂದ ಯಾರ ಅಜ್ಜ ಯಾರು, ಅಜ್ಜನ ಅಜ್ಜಿ ಎಲ್ಲಿಯವಳು ಎಂಬುದೆಲ್ಲ ಅವನಿಗೆ ಗೊತ್ತು. ಒಬ್ಬೊಬ್ಬ ಹುಡುಗಿಗೂ ಅವಳ ಹಿರಿಯರನ್ನು ಪದ್ಯದಲ್ಲಿ ಕರೆಸುತ್ತಿದ್ದ. ಕುಡಿದು ಗದ್ದೆ ಮಾರಿದವರನ್ನು ಪುಸ್ತಕದಲ್ಲೇ ಬಿಡುತ್ತಿದ್ದ. ತನ್ನ ಹೆಸರು ಹೇಳಬಾರದು ಎನ್ನುವುದೊಂದೇ ಅವನ ಶರತ್ತು. ರೋಸಿನ ಹಾಡು ಕಟ್ಟುವ ಗಂಡಸಿಗೆ ಗಂಟೆಮನೆಯಲ್ಲಿ ಮರ್ಯಾದೆ ಉಳಿಯುವುದಿಲ್ಲ ಎಂದು ಅವನು ತಿಳಿದಿದ್ದ.

*

ಕಳೆದ ತಿಂಗಳು ಕಜೆಟನ್ ಲಿಡ್ವಿನಳ ರೋಸಿನ ಪದ್ಯಗಳನ್ನು ಹಿಡಿದು ವೆರೊನಿಕಾಳ ಜಗಲಿಗೆ ಹೋದ. ಹದಿನಾರು ಪದ್ಯ.

"ಇದರಲ್ಲಿ ಅಪ್ಪ ಎಂತಕ್ಕೆ ಬಂದ?" ಎಂದು ಅವಳು ಕೇಳಿದಳು. "ವೊವಿಯೊದಲ್ಲಿ ಅಮ್ಮ ಉಂಟು, ಅಜ್ಜಿ ಉಂಟು, ಸೋದರಮಾವ ಉಂಟು. ಅಪ್ಪ ಹೊರಗೆ ನೆಂಟರಿಗೆ ಸಾರಾಯಿ ಕೊಡುವವ ಮಾರಾಯ."

"ನಾನು ಹೊರಗೇ ಇರುತ್ತೇನೆ. ನೀವು ಒಳಗೆ ಹಾಡಿ."

ಎಪ್ಪತ್ತೆಂಟರ ಮುದುಕಿಗೆ ಈಚೆಗೆ ಮರೆವು. ಮೂರು ಸಂಜೆ ಹೇಳಿಸಿದರೂ ನಾಲ್ಕನೆಯ ಪದ್ಯದ ಮುಂದೆ ದಾಟಲಿಲ್ಲ. ಇನ್ನೂ ಸಮಯ ಉಂಟು ಎಂದು ಕಜೆಟನ್ ಹೇಳಿದ.

*

ಹೆಣ ಎತ್ತಲು ಪಾದ್ರಿಗಳು ಬರುವುದು ಮೂರಕ್ಕೆ. ಎರಡೂವರೆಗೆ ಹೆಂಗಸರು ಪೆಟ್ಟಿಗೆಯ ಸುತ್ತ ಕೂತು ಜಪಮಾಲೆ ಮುಗಿಸಿದರು. ಇನ್ನು ಸತ್ತವರ ಹಾಡು ಆಗಬೇಕು. ಹಿರಿಯಳೆಂದು ಎಲ್ಲರೂ ವೆರೊನಿಕಾಳ ಕಡೆ ನೋಡಿದರು. ಅವಳು ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ವೊವಿಯೊ ಎತ್ತಿದಳು.

ಉಳಿದವರು ಮರುದನಿ ಕೊಟ್ಟರು. ಕೊಡುವ ಮೊದಲು ಯೋಚಿಸಲಿಲ್ಲ. ಅವಳು ಹೇಳಿದರೆ ಹಾಡುವುದು ಎಂದು ಅವರ ಗಂಟಲುಗಳಿಗೆ ಹುಡುಗಿಯರಾಗಿದ್ದಾಗಿನಿಂದ ಅಭ್ಯಾಸ. ಎರಡನೆಯ ಪದ್ಯಕ್ಕೆ ಅವರಿಗೆ ತಾವೆಂತ ಹಾಡುತ್ತಿದ್ದೇವೆ ಎಂದು ಹೊಳೆಯಿತು. ಆದರೆ ವೊವಿಯೊವನ್ನು ನಡುವೆ ನಿಲ್ಲಿಸುವುದು ಹಾಡಿದ್ದಕ್ಕಿಂತ ದೊಡ್ಡ ಅಪಶಕುನ. ಹಾಗಾಗಿ ಮುಂದುವರಿದರು.

ಕೊಂಕಣಿಯದನ್ನು ಕನ್ನಡದಲ್ಲಿ ಹೇಳಿದರೆ ಅರ್ಧ ಸೊಗಸು ಹೋಗುತ್ತದೆ. ಉಳಿದರ್ಧ ಹೀಗಿತ್ತು:

ಗೋವೆಯಿಂದ ನಡೆದು ಬಂದ ಅಜ್ಜನ ಅಜ್ಜ, ಕಾಲು ತೊಳೆದು ಒಳಗೆ ಬಾ,
ನಿನ್ನದೇ ಮೂಗನ್ನು ಹೊತ್ತ ಹುಡುಗಿ ಮಣೆಯ ಮೇಲೆ ಕೂತಿದ್ದಾಳೆ.

ಲಿಡ್ವಿನ್ ಕೂತಿರಲಿಲ್ಲ, ಪೆಟ್ಟಿಗೆಯ ತಲೆಯ ಬಳಿ ನಿಂತಿದ್ದಳು. ರೋಸುಗಳಿಗಿಂತಲೂ ಹಿಂದೆ ಆ ಧಾಟಿಯನ್ನು ಎಲ್ಲಿ ಕೇಳಿದ್ದೆನೆಂದು ಅವಳಿಗೆ ಮೊದಲು ನೆನಪಾಗಲಿಲ್ಲ. ಇಷ್ಟು ವರ್ಷ ಊರಿನ ಎಲ್ಲ ರೋಸುಗಳಲ್ಲೂ ತನಗೆ ತೂಕಡಿಕೆ ಬರುತ್ತಿದ್ದುದು ಏಕೆಂದು ಮಾತ್ರ ಈಗ ತಿಳಿಯಿತು.

ಅಕ್ಕಿ ಆರಿಸಲು ಕಲಿತೆ, ಜಡೆ ಹೆಣೆಯಲು ಕಲಿತೆ,
ಅನ್ನದಲ್ಲಿ ಕಲ್ಲು, ಜಡೆಯಲ್ಲಿ ಗಂಟು. ಆದರೂ ನೀನು ಬೆಳೆದೆ.

ಅವಳು ಬಾಯಿಗೆ ಕೈ ಒತ್ತಿಕೊಂಡಳು. ಆಗ ಇಮೆಲ್ಡಾ ಎದ್ದಳು. ಒಂದು ಮಣೆಯನ್ನು ಕಾಲಿನಿಂದ ಸರಿಸಿ, ಲಿಡ್ವಿನಳ ಭುಜ ಹಿಡಿದು ಅದರ ಮೇಲೆ ಕೂರಿಸಿದಳು. ವೊವಿಯೊ ಹಾಡುವಾಗ ಮದುಮಗಳು ನಿಂತಿರಬಾರದು. ಕೂರಿಸಿದ ಮೇಲೆ ತಾನೂ ಮರುದನಿಗೆ ಸೇರಿದಳು, ಸ್ವಲ್ಪ ಅಪಸ್ವರದಲ್ಲಿ.

ಅಮ್ಮನಿಲ್ಲದ ಮಗುವನ್ನು ಅಪ್ಪನೇ ಹೆತ್ತ ಎಂದರು ಊರವರು.
ನಾನೆಲ್ಲಿ ಹೆತ್ತೆ ಮಗಳೇ, ನೀನು ಒಬ್ಬ ಅಪ್ಪನನ್ನು ಹೆತ್ತೆ.

ಬೀಗರೇ, ಇವಳ ಹಲ್ಲುನೋವಿಗೆ ಲವಂಗ ಸಾಕು,
ಇವಳ ಸಿಟ್ಟಿಗೆ ಮದ್ದಿಲ್ಲ. ಅಳಿಯ ಸುಮ್ಮನೆ ಕೂರಬೇಕು.

ಬಾಗಿಲಲ್ಲಿ ಲಿಯೋನೆಲ್ ತಲೆಯಾಡಿಸಿದ, ಔಷಧಿಯ ಚೀಟಿ ಓದಿದವನಂತೆ. ಹದಿನಾರೂ ಆಯಿತು. ಮುದುಕಿ ಒಂದು ಅಕ್ಷರವನ್ನೂ ಮರೆಯಲಿಲ್ಲ.

ಅಂಗಳದಲ್ಲಿದ್ದ ಬ್ಯಾಪ್ಟಿಸ್ಟ್ ಜನರ ನಡುವೆ ದಾರಿ ಮಾಡಿಕೊಂಡು ಒಳಗೆ ಬಂದಾಗ ಎಲ್ಲ ಮುಗಿದಿತ್ತು.

"ವೆರೊನಿಕಾ ಬಾಯಿ, ಹೆಣದ ಎದುರು ಎಂತ ಹಾಡಿದ್ದು, ಗೊತ್ತುಂಟಾ ನಿಮಗೆ?"

"ವಯಸ್ಸಾಯಿತು ಬ್ಯಾಪ್ಟಿಸ್ಟ. ತಪ್ಪಿಹೋಯಿತು."

"ಹದಿನಾರು ಪದ್ಯ ತಪ್ಪಿಹೋಯಿತಾ?"

"ಮೊದಲನೆಯದು ತಪ್ಪಿದ ಮೇಲೆ ಎರಡನೆಯದು ಸರಿ ಎಲ್ಲಿಂದ ಬರಬೇಕು?" ಮುದುಕಿ ಪೆಟ್ಟಿಗೆಯ ಅಂಚು ಹಿಡಿದು ಎದ್ದು ನಿಂತಳು. "ಕಟ್ಟಿದ್ದು ನಾನಲ್ಲ, ನಿನ್ನ ತಮ್ಮ. ಇಪ್ಪತ್ತೆರಡು ವರ್ಷ ನಾನು ಹಾಡಿದ್ದೆಲ್ಲ ಇವನದ್ದೇ. ಹೆಸರು ಹೇಳಬೇಡಿ ಅಂದಿದ್ದ, ಇನ್ನು ಹೇಳಬಹುದು."

ಹೆಂಗಸರಲ್ಲಿ ಮೂರು ಮಕ್ಕಳ ತಾಯಿಯಾದ ಗ್ಲ್ಯಾಡಿಸ್ ಮೊದಲು ಅತ್ತಳು. ಅವಳ ರೋಸಿನಲ್ಲಿ ಹೆಬ್ರಿಯ ಕಾಡುದಾರಿಯಲ್ಲಿ ನಡೆದು ಬಂದ ಅಜ್ಜಿಯೊಬ್ಬಳು ಇದ್ದಳು. ಆ ಅಜ್ಜಿಯ ಹೆಸರನ್ನು ಅವಳು ತನ್ನ ಮಗಳಿಗೆ ಇಟ್ಟಿದ್ದಳು.

"ವೊವಿಯೊ ಆದ ಹುಡುಗಿಯನ್ನು ಒಂದು ವರ್ಷ ಮನೆಯಲ್ಲಿ ಇಟ್ಟುಕೊಂಡವರು ಉಂಟಾ ನಮ್ಮಲ್ಲಿ?" ಎಂದು ವೆರೊನಿಕಾ ಕೇಳಿದಳು.

ಬ್ಯಾಪ್ಟಿಸ್ಟ್ ಇಮೆಲ್ಡಾಳ ಕಡೆ ತಿರುಗಿದ. ಅವಳು ತಮ್ಮ ಕಡೆಯಲ್ಲೂ ಹಾಗೆ ಇಟ್ಟುಕೊಂಡವರಿಲ್ಲ ಎಂದಳು.

ಆಗಲೇ ಪಾದ್ರಿಗಳು ಬಂದರು. ಚಿಕ್ಕ ಪ್ರಾಯದವರು, ಘಟ್ಟದ ಮೇಲಿನವರು. ಬ್ಯಾಪ್ಟಿಸ್ಟ್ ವಿಷಯವನ್ನು ಅವರ ಮುಂದಿಟ್ಟ. ಅವರು ಸೆಮಿನರಿಯ ಎಂಟು ವರ್ಷಗಳನ್ನು ಮನಸ್ಸಿನಲ್ಲೇ ತಡಕಾಡಿ, ಇದರ ಬಗ್ಗೆ ಯಾವ ಕಾನೂನೂ ಇಲ್ಲವೆಂದೂ, ಮನೆಯವರು ಬೇಡವೆನ್ನದಿದ್ದರೆ ಭಾನುವಾರ ಮೂರನೆಯ ಚೀಟಿ ಓದುವುದಾಗಿಯೂ ಹೇಳಿದರು. ಬ್ಯಾಪ್ಟಿಸ್ಟ್ ಬೇಡವೆನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. ಪೆಟ್ಟಿಗೆಯ ಮುಂದಿನ ತುದಿಗೆ ಹೆಗಲು ಕೊಟ್ಟ. ಹಿಂದಿನ ತುದಿಗೆ ಲಿಯೋನೆಲ್ ಬಂದ.

*

ಮಣ್ಣು ಹಾಕಿ ಬಂದಾಗ ಐದು ಗಂಟೆ. ಜನ ಗಂಜಿ ಕುಡಿದು ಹೊರಟರು. ಬ್ಯಾಪ್ಟಿಸ್ಟ್ ಜಗಲಿಯಲ್ಲಿ ಕೂತಿದ್ದ. ಒಳಗೆ ಲಿಡ್ವಿನ್ ಪಾತ್ರೆ ಎತ್ತಿಡುತ್ತಾ, ಅವನ ಉತ್ತರಕ್ಕಾಗಿ ಆಗಾಗ ಬಾಗಿಲಿಗೆ ಬಂದು ಹೋಗುತ್ತಿದ್ದಳು.

ನಿನ್ನೆ ಅಂಗಳಕ್ಕೆ ಚಪ್ಪರ ಹಾಕಿದ್ದ ಸುಂದರ ಬಿಚ್ಚಲು ಬಂದ. ಹೆಣೆದ ತೆಂಗಿನ ಮಡಲುಗಳನ್ನು ಇಳಿಸಿ ಮಡಚಿ ಕಟ್ಟಿದ. ಆಮೇಲೆ ಮೂಲೆಯ ಅಡಿಕೆ ಮರದ ಕಂಬವನ್ನು ತಬ್ಬಿ ಅಲುಗಾಡಿಸತೊಡಗಿದ. ಅದು ಅರ್ಧ ಸಡಿಲವಾದಾಗ ಬ್ಯಾಪ್ಟಿಸ್ಟ್ ಜಗಲಿಯಿಂದ ಇಳಿದು ಬಂದ.

"ಕಂಬ ಇರಲಿ."

"ಎಷ್ಟು ದಿನಕ್ಕೆ ಧಣಿ?"

"ಹದಿನೈದನೆಯ ತಾರೀಕಿನವರೆಗೆ."

ಸುಂದರ ಮಡಲಿನ ಹೊರೆಯನ್ನು ತಲೆಗೆ ಏರಿಸಿಕೊಂಡು ಹೋದ. ಮೇಲೆ ಏನೂ ಇಲ್ಲದ ಹನ್ನೆರಡು ಕಂಬಗಳ ನಡುವೆ ಬ್ಯಾಪ್ಟಿಸ್ಟ್ ಒಬ್ಬನೇ ಉಳಿದ. ಬಾಗಿಲಲ್ಲಿ ಲಿಡ್ವಿನ್ ನಿಂತಿದ್ದುದನ್ನು ನೋಡಿಯೂ ನೋಡದವನಂತೆ, ಸಡಿಲಾದ ಕಂಬದ ಬುಡಕ್ಕೆ ಕಾಲಿನಿಂದ ಮಣ್ಣು ಎಳೆದು ಹಿಮ್ಮಡಿಯಲ್ಲಿ ಒತ್ತಿದ. ಅಲುಗಾಡಿಸಿ ನೋಡಿದ. ಸಾಲದೆಂದು ಕಂಡು, ಇನ್ನಷ್ಟು ಮಣ್ಣು ಎಳೆದು ಮತ್ತೆ ಒತ್ತಿದ.