ಕೊಟ್ಟಿಗೆ ಬೀದಿಗೆ ಒಳಚರಂಡಿ

ದುಡ್ಡು ಯಾರು ಕೊಡಬೇಕೆನ್ನುವುದನ್ನು ಪುರಸಭೆಯವರು ಹೇಗೆ ತೀರ್ಮಾನಿಸುತ್ತಾರೆ ಎಂಬುದು ಚಿಕ್ಕಮುನಿಯಮ್ಮನಿಗೆ ಬಹಳ ದಿನದ ಕುತೂಹಲ. ಮಾದನಾಯಕನಹಳ್ಳಿ ಕಡೆಯಿಂದ ಬರುವ ಗೋಡೌನುಗಳ ಸಾಲು ಮುಗಿಯುವಲ್ಲಿ ಅವಳ ಊರು ಗೌಡನಕುಂಟೆ. ಒಳಚರಂಡಿಯ ಲೈನೂ ಅಲ್ಲಿಗೇ ಮುಗಿದಿತ್ತು. ಅಲ್ಲಿಂದ ಕೂಗಳತೆಯಲ್ಲಿ ಅವಳ ಮನೆ, ಅದರ ಬೆನ್ನಿಗೆ ಬಾಡಿಗೆಯ ಎಂಟು ರೂಮು, ಎಲ್ಲಕ್ಕೂ ಸೇರಿ ಕಕ್ಕಸಿಗೆ ಒಂದೇ ಪಿಟ್ಟು. ಈ ವರ್ಷ ಆ ಪಿಟ್ಟು ಎಷ್ಟು ಸಲ ಉಕ್ಕಿತೆಂದರೆ, ಅದನ್ನು ಹೀರಲು ಬರುವ ಗಾಡಿಯ ಡ್ರೈವರು ಅವಳ ಮನೆಯಲ್ಲಿ ಮುದ್ದೆ ಉಂಡುಕೊಂಡೇ ಹೋಗುವಷ್ಟು ಬಳಕೆಯಾಗಿದ್ದ.

ಮೂರನೇ ರೂಮಿನ ಮಹಾನಂದಾ ಮಾತ್ರ ಮೂಗು ಮುಚ್ಚಿ ಮುಚ್ಚಿ ದಣಿದಿದ್ದಳು. ಯಾದಗಿರಿ ಕಡೆಯವಳು, ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸ.

"ಬೊಮ್ಮನಹಳ್ಳ್ಯಾಗ ನಮ್ಮ ತಂಗಿ ರೂಮ್ ನೋಡ್ಯಾಳ್ರಿ ಅಮ್ಮಾ. ಲೈನ್ ಬಂದ್ರ ಇರ್ತೀನಿ, ಇಲ್ಲಂದ್ರ ಹೋಗ್ತೀನಿ" ಎಂದು ಹೇಳಿಬಿಟ್ಟಿದ್ದಳು.

ಮುದುಕಿ ಚಿಕ್ಕಮುನಿಯಮ್ಮನ ಕಣ್ಣಿಗೆ ಹೊತ್ತುಹೊತ್ತಿಗೆ ಡ್ರಾಪ್ಸ್ ಹಾಕುವವಳು, ಧಾರಾವಾಹಿಯಲ್ಲಿ ತಪ್ಪು ಅತ್ತೆಯದೋ ಸೊಸೆಯದೋ ಎಂದು ಜಗಳಕ್ಕೆ ನಿಲ್ಲುವವಳು ಇವಳೇ. ಬಾಡಿಗೆಗೆ ಯಾರಾದರೂ ಸಿಕ್ಕಾರು. ಜಗಳಕ್ಕೆ ಆಗುವಂಥವರು ಸಿಗುವುದು ಕಷ್ಟ. ಆದ್ದರಿಂದ ಪುರಸಭೆಯಲ್ಲಿ ಆ ಲೈನಿನ ಮಾತು ಬರುವ ದಿನ ಚಿಕ್ಕಮುನಿಯಮ್ಮ ಅವಳಿಗೆ ರಜೆ ಹಾಕಿಸಿ, ಆಟೋದಲ್ಲಿ ಕೂರಿಸಿಕೊಂಡು ಹೊರಟಳು.

ಸಭೆ ಅವಳೆಣಿಸಿದ್ದಕ್ಕಿಂತ ಚೆನ್ನಾಗಿತ್ತು. ಮೊದಲು ಟೀ ಬಿಸ್ಕತ್ತು ಬಂತು, ಆಮೇಲೆ ವಿಷಯ. ಲೈನು ಮುಂದಕ್ಕೆ ಎಳೆಯುವ ಖರ್ಚು ಗೋಡೌನಿನವರು ಕೊಡಲಿ ಎಂದರು ಒಬ್ಬರು. ಅವರು ಅವರ ಪಾಲು ಕೊಟ್ಟಾಯಿತಲ್ಲ, ಸರ್ಕಾರ ಕೊಡಲಿ ಎಂದರು ಇನ್ನೊಬ್ಬರು. ಸರ್ಕಾರ ಕೊಡಲಿ ಎಂದಾಗ ಎಲ್ಲರ ಮುಖವೂ ಅರಳಿತು.

"ಸರ್ಕಾರದ್ದು ಅರ್ಧ" ಎಂದರು ಅಧ್ಯಕ್ಷೆ ಶೋಭಾರಾಣಿ. "ಇನ್ನರ್ಧ ಆ ಬೀದೀಲಿ ಮನೆ ಇರೋರು ಕೊಡ್ಬೇಕು. ಎಷ್ಟು ಮನೆ ಇವೆ?"

ಎಂಜಿನಿಯರ್ ಪ್ರಸನ್ನ ಎದ್ದು ನಿಂತ. "ನಾಲ್ಕು ಮನೆ ಮೇಡಂ. ಮಿಕ್ಕಿದ್ದೆಲ್ಲಾ ದನದ ಕೊಟ್ಟಿಗೆ."

ಯಾರೂ ನಗಲಿಲ್ಲ. ಅದೇ ಆಶ್ಚರ್ಯ. ಕೊಟ್ಟಿಗೆಗೆ ಕಂದಾಯ ಕಡಿಮೆ ಎಂದು ತಿಳಿದ ದಿನವೇ ಆ ಬೀದಿಯ ಬಾಡಿಗೆ ರೂಮುಗಳೆಲ್ಲ ಕೊಟ್ಟಿಗೆಗಳಾಗಿದ್ದವು. ಅಳೆಯುವವರು ಬಂದಾಗ ಚಿಕ್ಕಮುನಿಯಮ್ಮನ ಗಂಡ ಹನುಮಂತರಾಯಪ್ಪ ರೂಮಿನ ಮುಂದೆ ಹಸುವೊಂದನ್ನು ಕಟ್ಟಿ, ಹುಲ್ಲು ಹಾಕುತ್ತ ನಿಂತಿದ್ದ. ಬೀದಿಗೆಲ್ಲ ಇದ್ದದ್ದು ಅದೊಂದೇ ಹಸು. ಅಳೆಯುವವರು ಇಲ್ಲಿ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅದು ಹಿತ್ತಿಲು ದಾಟಿ ಮುಂದಿನ ಮನೆಯಲ್ಲಿ ಮೆಲುಕು ಹಾಕುತ್ತಿತ್ತು.

"ಹಾಗಾದ್ರೆ ಕೊಟ್ಟಿಗೆಯವರು ಏನೂ ಕೊಡೋಹಾಗಿಲ್ವಾ?" ಎಂದರು ಶೋಭಾರಾಣಿ.

"ಇಲ್ಲ ಮೇಡಂ."

ಆ ಬೀದಿಯ ಸದಸ್ಯ ಮುನಿಕೃಷ್ಣ ದೂರದಿಂದಲೇ ಚಿಕ್ಕಮುನಿಯಮ್ಮನತ್ತ ಕಣ್ಣು ಹೊಡೆದ. ಅವನು ಅವಳ ಅಣ್ಣನ ಮಗ. ಅವಳ ಗೇಟು ದಾಟಿದರೆ ಅವನದೇ ಕೊಟ್ಟಿಗೆಗಳು. ಚಿಕ್ಕಮುನಿಯಮ್ಮನಿಗೂ ಖುಷಿಯಾಯಿತು. ಓಹೋ, ತೀರ್ಮಾನ ಅಂದರೆ ಇಷ್ಟು ಸಲೀಸು!

"ಆದ್ರೆ ಕೊಟ್ಟಿಗೆಗೆ ಕನೆಕ್ಷನ್ನೂ ಇಲ್ಲ" ಎಂದು ಪ್ರಸನ್ನ ಮುಂದುವರಿಸಿದ. "ನಾಲ್ಕು ಮನೆಗೋಸ್ಕರ ಅಷ್ಟು ದೂರ ಅಗೆಯೋದು ದಂಡ. ಗೋಡೌನ್ ಹತ್ರಾನೇ ನಿಲ್ಲಿಸಿಬಿಡೋಣ."

ಮಹಾನಂದಾ ಬ್ಯಾಗಿನಿಂದ ಫೋನು ತೆಗೆದಳು. "ಏಳ್ರಿ ಅಮ್ಮಾ, ಮುಗೀತು. ತಂಗಿಗೆ ಹೇಳ್ತೀನಿ."

ಚಿಕ್ಕಮುನಿಯಮ್ಮ ಎದ್ದಳು, ಆದರೆ ಬಾಗಿಲ ಕಡೆಗಲ್ಲ.

"ಅವ್ವಾ, ನಂದೊಂದು ಮಾತು. ನನ್ ಕೊಟ್ಟಿಗೇಲಿ ಒಂದು ಕರಾನೂ ಇಲ್ಲ. ಎಂಟು ಸಂಸಾರ ಅವೆ. ಅಗೋ, ಮೂರನೇದ್ರೋಳು ಇಲ್ಲೇ ಕುಂತವ್ಳೆ."

"ಅತ್ತೆ, ಸುಮ್ಕೆ ಕೂತ್ಕೊ!" ಎಂದ ಮುನಿಕೃಷ್ಣ. "ವಯಸ್ಸಾಗ್ಯದೆ ಮೇಡಂ, ಏನೇನೋ ಮಾತಾಡ್ತದೆ."

"ವಯಸ್ಸಾಗ್ಯದೆ ಕಣ್ಲಾ, ಗ್ಯಾಪಕಾನೂ ಅದೆ. ಆ ಹಸ ನಿಮ್ಮಪ್ಪಂದೇ ಅಲ್ವೇನ್ಲಾ? ಅದು ಸತ್ತು ಎಷ್ಟು ವರ್ಸ ಆಯ್ತು, ಅದ್ರ ಎಸ್ರಲ್ಲಿ ಇನ್ನೂ ಬಾಡಿಗೆ ಎಣಿಸ್ತಾ ಇದೀರಲ್ಲ!"

ಈಗ ಎಲ್ಲರೂ ನಕ್ಕರು. ನಗದವನು ಪ್ರಸನ್ನ ಒಬ್ಬನೇ.

"ಅಜ್ಜಿ, ಮನೆ ಅಂತ ಒಪ್ಕೊಂಡ್ರೆ ಎಂಟು ಮನೆ ಪಾಲೂ ನಿಮ್ಮದೇ. ಕಂದಾಯನೂ ಹಿಂದಿಂದ ಸೇರಿಸಿ ಕಟ್ಬೇಕಾಗುತ್ತೆ. ಯೋಚ್ನೆ ಮಾಡಿ."

ಅವಳು ಮಹಾನಂದಾಳತ್ತ ನೋಡಿದಳು. ಫೋನು ಇನ್ನೂ ಕೈಯಲ್ಲೇ ಇತ್ತು, ಕಿವಿಗೆ ಹೋಗಿರಲಿಲ್ಲ.

"ಬರ್ಕೊಳಪ್ಪ" ಎಂದಳು ಚಿಕ್ಕಮುನಿಯಮ್ಮ.

ಹನ್ನೆರಡು ಮನೆಯಾದರೆ ಅಗೆಯಬಹುದು ಎಂದು ಸಭೆ ಒಪ್ಪಿತು. ಪ್ರಸನ್ನ ನಕ್ಷೆಯ ಮೇಲೆ ಪೆನ್ಸಿಲ್ಲಿನಿಂದ ಗೀಟೆಳೆದು, ಅವಳ ಗೇಟಿಗೆ ಸರಿಯಾಗಿ ನಿಲ್ಲಿಸಿದ. ಅದರಾಚೆ ಕೊಟ್ಟಿಗೆಗಳು. ಮುನಿಕೃಷ್ಣ ಆ ಗೀಟಿನ ತುದಿಯನ್ನೇ ತುಂಬ ಹೊತ್ತು ನೋಡುತ್ತಿದ್ದು, ಆಮೇಲೆ ಮೆಲ್ಲಗೆ ಕೇಳಿದ: "ಸಾರ್, ಇನ್ನೊಂದ್ಸಲ ಸರ್ವೆ ಮಾಡಿದ್ರೆ ಹೆಂಗೆ?"

ವಾಪಸು ಬರುವಾಗ ಆಟೋದಲ್ಲಿ ಮಹಾನಂದಾ ಕೇಳಿದಳು: "ಅಮ್ಮಾ, ಈಗ ಖರೇ ಹೇಳ್ರಿ. ಬಾಡಗಿ ಎಷ್ಟು ಏರಸ್ತೀರಿ?"

ಬೆಳಗಿನಿಂದ ಅಷ್ಟು ಜನ ಒಬ್ಬರ ಕಡೆಯಿಂದ ಒಬ್ಬರ ಕಡೆಗೆ ತಳ್ಳಿದ್ದ ಪ್ರಶ್ನೆ ಹೀಗೆ ಆಟೋ ಹತ್ತಿ ಇಬ್ಬರ ನಡುವೆ ಕೂತುಬಿಟ್ಟಿತು. ಬೇರೆಯವರು ತೀರ್ಮಾನಿಸುವುದನ್ನು ನೋಡಲು ಹೋದವಳಿಗೆ ತಾನೂ ತೀರ್ಮಾನಿಸಬೇಕಾದೀತು ಎಂದು ಹೊಳೆದಿರಲಿಲ್ಲ. ಸಭೆಯಲ್ಲಿ ಕಂಡು ಬಂದದ್ದೊಂದೇ ದಾರಿ. ಟೀ ಅಂಗಡಿಯ ಮುಂದೆ ಆಟೋ ನಿಲ್ಲಿಸಿ, ಎರಡು ಟೀ, ಬಿಸ್ಕತ್ತು ಹೇಳಿದಳು.

"ಪೈಪ್ನಾಗೆ ನೀರು ಓಗೋ ಗಂಟ ಒಂದ್ರುಪಾಯಿನೂ ಏರ್ಸಾಕಿಲ್ಲ" ಎಂದಳು ಕೊನೆಗೆ. "ಆಮ್ಯಾಲೆ ಖರ್ಚಲ್ಲಿ ಅರ್ಧ ನಂದು, ಅರ್ಧ ನಿಮ್ಮೆಲ್ರುದು. ಸರ್ಕಾರದಂಗೆ."

ಮಹಾನಂದಾ ಬಿಸ್ಕತ್ತನ್ನು ಟೀಯಲ್ಲಿ ಅದ್ದಿಕೊಂಡೇ ಯೋಚಿಸಿದಳು. ಟೆಂಡರ್ ಆಗಬೇಕು, ಮಳೆ ನಿಲ್ಲಬೇಕು, ಮುನಿಕೃಷ್ಣನ ಸರ್ವೆ ಬೇರೆ ಮುಗಿಯಬೇಕು. ನಗು ಬಂತು.

"ಹಂಗಾರ ನೀರು ಹೋಗೂದು ನೋಡೇ ಹೋಗ್ತೀನಿ ತಗೋರಿ. ಇವತ್ತಿನ ಸಭಾ ನೋಡಿದ್ರ, ಐದನೇ ಕ್ಲಾಸಿನ್ಯಾಗಿರೋ ನನ್ನ ಮಗಳ ಮದಿವಿನೂ ಇಲ್ಲೇ ಆಗ್ತೈತಿ."

ಆಮೇಲೆ ಫೋನನ್ನು ಬ್ಯಾಗಿಗೆ ಹಾಕಿ, ಅದೇ ಬ್ಯಾಗಿನಿಂದ ಪುಟ್ಟ ಬಾಟಲಿ ತೆಗೆದಳು. "ಹೊತ್ತಾತು. ತಲಿ ಮ್ಯಾಲ ಎತ್ರಿ."

ಚಿಕ್ಕಮುನಿಯಮ್ಮ ಟೀ ಅಂಗಡಿಯ ಬೆಂಚಿನ ಮೇಲೆ ಕೂತಲ್ಲೇ ಕತ್ತೆತ್ತಿ ಕಣ್ಣಗಲಿಸಿದಳು.